ಗರ್ಭದಲ್ಲಿಯೇ ರೂಪುಗೊಳ್ಳುವ ಕಿವಿ
(ಸರಸ್ವತಿ ನಗರದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಒಳಕಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ನಾದವನ್ನು ನರಕ್ಕೆ ಮುಟ್ಟಿಸುವವು ಇವೇ. ಗರ್ಭದಲ್ಲಿ ಮೊದಲು ಎಲ್ಲವೂ ಒಂದೇ ಬಗೆಯ ಕೋಶಗಳು. ಅವುಗಳಲ್ಲೊಂದು ರೋಮಕೋಶವಾಗತೊಡಗಿದೊಡನೆ ‘ನಾಚ್’ ಎಂಬ ಸಂಕೇತದಿಂದ ಮಗ್ಗುಲಿನವುಗಳನ್ನು ತಡೆಯುತ್ತದೆ. ಅವು ಆಧಾರಕೋಶಗಳಾಗಿ ನಿಲ್ಲುತ್ತವೆ. ಸುಮಾರು 5 ತಿಂಗಳು ತುಂಬುವ ಹೊತ್ತಿಗೆ ಈ ಕಾರ್ಯ ಬಹುಮಟ್ಟಿಗೆ ಮುಗಿದಿರುತ್ತದೆ.

ಕೋಳಿಯಲ್ಲಿ ನಾಶವಾದ ರೋಮಕೋಶಗಳು ಮತ್ತೆ ಹುಟ್ಟುತ್ತವೆಂದು 1988ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು; ಮನುಷ್ಯನಿಗೆ ಆ ಭಾಗ್ಯವಿಲ್ಲ. ಸ್ಟ್ರೆಪ್ಟೊಮೈಸಿನ್‌ನಂತಹ ಚುಚ್ಚುಮದ್ದು ಗರ್ಭದಲ್ಲಿರುವ ಶಿಶುವಿನ ಈ ಕೋಶಗಳನ್ನೂ ಕೊಲ್ಲಬಲ್ಲದು. ಆದುದರಿಂದ ಯಾವ ವೈದ್ಯರ ಬಳಿ ಹೋದರೂ ಬಸಿರಿನ ಸಂಗತಿಯನ್ನು ಮೊದಲು ತಿಳಿಸಿರಿ.

“ಮಾತು ತಡವಾಗಿ ಬಂದೀತು, ಬಿಡು” ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಕಾಯಬೇಡಿರಿ. ಹುಟ್ಟಿದ ತಿಂಗಳೊಳಗೆ ಕೂಸಿನ ಶ್ರವಣ ಪರೀಕ್ಷೆ ಮಾಡಿಸಿರಿ. ಇದಕ್ಕೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ.