ಹಡಗಿನಲ್ಲಿ ಮಾಸ್ತರರಿಗೊಂದು ಜಾಗ



ಕರ್ನಾಟಕದ ಗಡಿ ಸೀಮೆಯಲ್ಲಿರುವ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳಿಂದ ಸಮುದ್ರ ಬಲು ದೂರ. ಆದರೆ ಇಲ್ಲಿಯ ತೊಗರಿ, ಸೋಯಾ, ಕುಡಿಯುವ ನೀರು ಎಲ್ಲವೂ ಸಮುದ್ರದ ಮೇಲಿಂದ ಬರುವ ಮುಂಗಾರನ್ನೇ ನಂಬಿವೆ. ಆ ಮಳೆ ಕೈಕೊಟ್ಟು 2016ರಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಮುಂಗಾರಿನ ಮೂಲವನ್ನು ಅಳೆಯಲು ಹೊರಡುವ ಸಂಶೋಧನಾ ಹಡಗುಗಳಲ್ಲಿ ಈ ಭಾಗದ ಶಾಲಾ ಶಿಕ್ಷಕರಿಗೂ ಜಾಗ ಸಿಗಬೇಕು ಎಂಬುದು ನನ್ನ ವಾದ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ‘ನೋವಾ’ 1990ರಲ್ಲೇ ಶಿಕ್ಷಕರನ್ನು ತನ್ನ ಹಡಗುಗಳಿಗೆ ಹತ್ತಿಸಿಕೊಳ್ಳಲು ತೊಡಗಿತು. ಆ ಶಿಕ್ಷಕರು ಅಲ್ಲಿ ಅತಿಥಿಗಳಾಗಿ ಕೂರಲಿಲ್ಲ. ವಿಜ್ಞಾನಿಗಳ ಜೊತೆ ಪಾಳಿಯಲ್ಲಿ ದುಡಿದು, ಊರಿಗೆ ಮರಳಿ ಪಾಠ ಸಿದ್ಧಪಡಿಸಿದರು.

ಓದಿ ತಿಳಿಯಲಾಗದ್ದು ಹಡಗಿನಲ್ಲೇನಿದೆ ಎಂದು ಕೇಳುವವರಿದ್ದಾರೆ. 2002ನೇ ಇಸವಿಯನ್ನು ನೋಡೋಣ. ಮುಂಗಾರು ವಾಡಿಕೆಯಂತೆ ಆಗುವುದೆಂದು ಹವಾಮಾನ ಇಲಾಖೆ ಹೇಳಿತ್ತು. ಜುಲೈ ತಿಂಗಳಲ್ಲಿ ದೇಶದ ಮಳೆ ವಾಡಿಕೆಯ ಅರ್ಧಕ್ಕೆ ಕುಸಿಯಿತು. ಇಡೀ ಋತುವಿನ ಕೊರತೆ ಶೇ. 19. ಅದೇ ಹೊತ್ತಿಗೆ ‘ಸಾಗರ ಕನ್ಯಾ’ ಸಂಶೋಧನಾ ಹಡಗು ‘ಆರ್ಮೆಕ್ಸ್’ ಎಂಬ ಮುಂಗಾರು ಪ್ರಯೋಗಕ್ಕಾಗಿ ಅರಬ್ಬೀ ಸಮುದ್ರದಲ್ಲಿತ್ತು. ಪಶ್ಚಿಮ ಕರಾವಳಿಯ ಭಾರೀ ಮಳೆ ಹೇಗೆ ಹುಟ್ಟುತ್ತದೆಂದು ಅರಿಯುವುದು ಅದರ ಉದ್ದೇಶ. ಹುಡುಕಿ ಹೋದ ಮಳೆಯೇ ವಿರಳವಾದರೂ ನೀರಿನ ಬಿಸಿ, ಉಪ್ಪಿನಂಶ, ಗಾಳಿಯ ತೇವಗಳ ಅಳತೆ ನಡೆದೇ ಇತ್ತು. ಎರಡು ವರ್ಷಗಳ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು, ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ ಒಂದನ್ನೇ ನೋಡಿದರೆ ಸಾಲದು, ಹಿಂದೂ ಮಹಾಸಾಗರದ ಸಮಭಾಜಕದ ಬಳಿಯ ಮೋಡ–ಗಾಳಿಗಳ ಏರುಪೇರನ್ನೂ ಕೂಡಿಸಿ ನೋಡಬೇಕೆಂದು ತೋರಿಸಿದರು. ಪಠ್ಯಪುಸ್ತಕಕ್ಕೆ ತಲುಪುವುದು ಇಂಥ ಕೊನೆಯ ತೀರ್ಮಾನ ಮಾತ್ರ. ಅದರ ಹಿಂದಿನ ತಪ್ಪಿದ ಊಹೆ, ಕಾಯುವಿಕೆ, ಮರು ಅಳತೆ ಪುಸ್ತಕದಲ್ಲಿ ಇರುವುದಿಲ್ಲ.

ವಿಜ್ಞಾನದ ಊಹೆ ಹೇಗೆ ತಪ್ಪುತ್ತದೆ, ಹೇಗೆ ತಿದ್ದಿಕೊಳ್ಳುತ್ತದೆ ಎಂಬ ಅರಿವಿನ ಅಗತ್ಯ ಈ ಭಾಗಕ್ಕೆ ಹೆಚ್ಚು. ಲಾತೂರ ಜಿಲ್ಲೆಯ ಕಿಲ್ಲಾರಿ ಸೀಮೆಯನ್ನು ಭೂಕಂಪದ ಭಯ ಅತಿ ಕಡಿಮೆಯಿರುವ ಮೊದಲನೇ ವಲಯದಲ್ಲಿ ಇಟ್ಟಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಆಮೇಲೆ ಭೂಕಂಪ ವಲಯಗಳ ನಕ್ಷೆ ಬದಲಾಯಿತು. ಮಳೆಯ ಮುನ್ಸೂಚನೆಯೂ ಹೀಗೆಯೇ ತಪ್ಪುವುದುಂಟು. ಬಿತ್ತಿದ್ದು ಒಣಗಿ ಎರಡನೇ ಸಲ ಬಿತ್ತುವ ರೈತನ ಮಗಳು ‘ಹವಾಮಾನ ಖಾತೆಯವರು ಸುಳ್ಳು ಹೇಳಿದರು’ ಎಂದಾಗ, ಮುನ್ಸೂಚನೆ ಏಕೆ ತಪ್ಪುತ್ತದೆ, ತಪ್ಪಿದರೂ ಏಕೆ ಬೇಕು ಎಂದು ಬಿಡಿಸಿ ಹೇಳಬಲ್ಲ ಮಾಸ್ತರರು ಇಲ್ಲಿ ಇರಬೇಕು. ಅಳತೆಯ ಕಷ್ಟವನ್ನು ಕೈಯಾರೆ ಕಂಡವರ ಮಾತಿಗೆ ತೂಕ ಬೇರೆ.

ಹಡಗಿನ ಒಂದೊಂದು ದಿನವೂ ದುಬಾರಿ, ಆ ಜಾಗ ಸಂಶೋಧಕರಿಗೇ ಸಿಗಲಿ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಕೇಳುತ್ತಿರುವುದು ಒಂದೇ ಜಾಗ. ಅದೂ ಕೆಲಸ ಮಾಡುವ ಎರಡು ಕೈಗಳಿಗೆ. ಕರಾವಳಿಯ ಶಿಕ್ಷಕರನ್ನೇ ಕಳಿಸಿದರಾಗದೇ ಎನ್ನುವವರಿಗೆ ನನ್ನ ಉತ್ತರ: ಅಲ್ಲಿಯ ಮಕ್ಕಳಿಗೆ ಸಮುದ್ರ ಕಣ್ಣೆದುರಿಗಿದೆ; ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಈ ಗಡಿಯ ಮಕ್ಕಳಿಗೆ ಅದನ್ನು ಅವರ ಮಾತಿನಲ್ಲೇ ತಿಳಿಸುವವರು ಬೇಕು. ವಿಜ್ಞಾನಿಗಳಿಗೂ ಇದರಿಂದ ಲಾಭವಿದೆ. ಗಾಡ್ಗೀಳ್ ಅವರು ಪಾವಗಡದ ಶೇಂಗಾ ಬೆಳೆಗಾರರ ಜೊತೆ ಕೂತು ಬಿತ್ತನೆಯ ಹೊತ್ತಿನ ಲೆಕ್ಕ ಹಾಕಿದವರು; ರೈತರ ಪ್ರಶ್ನೆ ಗೊತ್ತಿಲ್ಲದ ಮುನ್ಸೂಚನೆ ಹೊಲಕ್ಕೆ ಉಪಯೋಗವಾಗದು.

ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೂ ಭೂವಿಜ್ಞಾನ ಸಚಿವಾಲಯಕ್ಕೂ ಈ ಬೇಡಿಕೆಯನ್ನು ಈ ವಿಶ್ವವಿದ್ಯಾಲಯವೇ ಬರೆದು ಕಳಿಸಲಿ. ಪದವಿ ಪಡೆದು ಶಾಲೆಗಳತ್ತ ಹೊರಟಿರುವ ತರುಣ ಶಿಕ್ಷಕರೇ, ನೀವು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಿಂದಲೇ ಶಾಲೆಯ ಅಂಗಳದಲ್ಲಿ ಮಳೆಮಾಪಕವಿಟ್ಟು, ಮಕ್ಕಳಿಂದ ದಿನವೂ ಲೆಕ್ಕ ಬರೆಸಿರಿ. ಆ ವಹಿಯನ್ನು ಹಡಗಿನ ಜಾಗಕ್ಕಾಗಿ ಹಾಕುವ ಅರ್ಜಿಯ ಜೊತೆಗೆ ಲಗತ್ತಿಸಿರಿ.