ಕ್ಯಾಸನೂರಿನಿಂದ ವಿಯೆನ್ನಾಕ್ಕೆ



“ಸರ್, ಎಲೆಕ್ಟಿವ್‌ಗೆ ಯಾವ ದೇಶಕ್ಕೆ ಹೋದರೆ ಒಳ್ಳೆಯದು?” ಎಂದು, ಓದಿನ ನಡುವೆ ಕೆಲವು ವಾರ ತಾವೇ ಆರಿಸಿಕೊಂಡ ಕಡೆ ಕಲಿಯುವ ಅವಕಾಶದ ಬಗ್ಗೆ ವೈದ್ಯಕೀಯ ವಿದ್ಯಾರ್ಥಿಗಳು ಕೇಳುತ್ತಾರೆ. ಯಾವ ಕಾಯಿಲೆಯ ಬೆನ್ನುಹತ್ತಿ ಹೋಗುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರು ಅದನ್ನು ಯೋಚಿಸಿರುವುದಿಲ್ಲ. ಮೊದಲು ನಿಮ್ಮ ಸೀಮೆಯ ಒಂದು ಪ್ರಶ್ನೆಯನ್ನು ಹಿಡಿಯಿರಿ, ದೇಶ ಯಾವುದೆಂದು ಆ ಪ್ರಶ್ನೆಯೇ ಹೇಳುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಅದಕ್ಕೆ ಮಲೆನಾಡಿನ ಮಂಗನ ಕಾಯಿಲೆಯ ಚರಿತ್ರೆಯೇ ಸಾಕ್ಷಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಕಾಡಂಚಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗಿದರು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬಂತು. ಪುಣೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಐಸಿಎಂಆರ್ ಸೇರಿ 1952ರಲ್ಲಿ ಕಟ್ಟಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಇಲ್ಲಿಗೆ ಬಂತು. ಹಳದಿ ಜ್ವರವೇ ಇರಬಹುದೆಂಬುದು ಮೊದಲ ಆತಂಕ. ಅಮೆರಿಕ ಖಂಡದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಆ ರೋಗ ಏಷ್ಯಾದಲ್ಲಿ ಎಂದೂ ಕಾಣಿಸಿಕೊಂಡಿರಲಿಲ್ಲ. ಆದರೆ ವೈರಸ್ ಸಿಕ್ಕಿದ ಮೇಲೆ ಬೇರೆಯದೇ ವಂಶಾವಳಿ ಹೊರಬಿತ್ತು. 1937ರಲ್ಲಿ ಲೆವ್ ಜಿಲ್ಬರ್ ಅವರ ತಂಡ ರಷ್ಯಾದ ದೂರಪೂರ್ವದ ಕಾಡುಗಳಲ್ಲಿ ಪತ್ತೆಹಚ್ಚಿದ, ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಇಲ್ಲಿಯೂ ಹರಡುತ್ತಿದ್ದುದು ಉಣುಗೇ.

ಈ ಕಾಯಿಲೆಯ ಅಧ್ಯಯನದಲ್ಲಿ ದುಡಿದವರಲ್ಲಿ ಕೊಲಂಬಿಯಾ ದೇಶದ ವೈದ್ಯ ಹೋರ್ಹೆ ಬೋಶೆಲ್ ಅವರನ್ನು ವಿದ್ಯಾರ್ಥಿಗಳು ಅಗತ್ಯವಾಗಿ ತಿಳಿದಿರಬೇಕು. ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರವನ್ನು ಅರಸಿದ ಅನುಭವ ಅವರಿಗಿತ್ತು. ಆ ಕಣ್ಣಿನಿಂದ ಅವರು ಮಲೆನಾಡಿನ ಕಾಡನ್ನು ನೋಡಿದರು. ಕಾಡು ಕಡಿದು ಗದ್ದೆ ಮಾಡಿದೆಡೆ ದನಗಳು ಹೆಚ್ಚುತ್ತವೆ, ಅವು ಕಾಡಂಚಿಗೆ ಮೇಯಲು ಹೋಗುತ್ತವೆ, ಬಲಿತ ಉಣುಗುಗಳಿಗೆ ದನದ ರಕ್ತ ಧಾರಾಳವಾಗಿ ಸಿಗುತ್ತದೆ, ಉಣುಗಿನ ಸಂತತಿ ಬೆಳೆಯುತ್ತದೆ. ಕಾಯಿಲೆಯನ್ನು ಹೀಗೆ ನೆಲದ ಬಳಕೆಯೊಂದಿಗೆ ಜೋಡಿಸಿದ ಅವರ ಬರಹ 1969ರಲ್ಲಿ ಪ್ರಕಟವಾಯಿತು. ಒಂದು ಖಂಡದ ಕಾಡಿನಲ್ಲಿ ಕಲಿತ ಪಾಠ ಇನ್ನೊಂದು ಖಂಡದ ಕಾಡಿನಲ್ಲಿ ಫಲ ಕೊಟ್ಟಿತು. ಜಾಗತಿಕ ಆರೋಗ್ಯಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಗಾದರೆ ಇವತ್ತು ಶಿವಮೊಗ್ಗದ ವಿದ್ಯಾರ್ಥಿನಿಯೊಬ್ಬಳು ಎಲ್ಲಿಗೆ ಹೋಗಬೇಕು? ನಾನು ಆಸ್ಟ್ರಿಯಾ ಎನ್ನುತ್ತೇನೆ. ಅಲ್ಲಿಯೂ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಮಿದುಳು ಜ್ವರ ಬರುತ್ತದೆ; ವೈರಸ್ ಅದೇ ಕುಟುಂಬದ್ದು. ವಿಯೆನ್ನಾದ ಕ್ರಿಸ್ಟಿಯಾನ್ ಕುಂಜ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಅದಕ್ಕೊಂದು ಲಸಿಕೆ ರೂಪಿಸಿದರು. 1981ರಲ್ಲಿ ದೇಶವ್ಯಾಪಿ ಲಸಿಕೆ ಅಭಿಯಾನ ಶುರುವಾಯಿತು. ಕಾಲಕ್ರಮದಲ್ಲಿ ಜನರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದರು, ರೋಗ ಬಹಳ ಇಳಿಯಿತು. ಕಾಯಿಲೆ ಇಲ್ಲದಿರುವಾಗಲೂ ಲಸಿಕೆಗೆ ಬರುವಂತೆ ರೈತರ, ಶಾಲೆಯ ಮಕ್ಕಳ ಮನವೊಲಿಸಿದ್ದು ಹೇಗೆ, ಬೂಸ್ಟರ್ ತಪ್ಪದಂತೆ ನೋಡಿಕೊಂಡದ್ದು ಯಾರು, ಊರಿನ ವೈದ್ಯರ ಪಾತ್ರ ಏನು? ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ನಮ್ಮಲ್ಲಿ ಮಂಗನ ಕಾಯಿಲೆಯ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ ಅದರ ಬಳಕೆ ನಿಂತಿದೆ, ಹೊಸದಕ್ಕಾಗಿ ಕೆಲಸ ನಡೆದಿದೆ. ಅದು ಬಂದ ದಿನ ಸೊಪ್ಪಿನಬೆಟ್ಟಕ್ಕೆ ತರಗೆಲೆ ತರಲು ಹೋಗುವವರ ಮನೆಬಾಗಿಲಲ್ಲಿ ನಿಂತು ಮಾತಾಡಬಲ್ಲ ವೈದ್ಯರು ಬೇಕು.

ವಿದೇಶ ಎಂದರೆ ಯುರೋಪು, ಅಮೆರಿಕ ಎಂದೇ ಆಗಬೇಕಿಲ್ಲ. 1968ರಲ್ಲಿ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ಅಮೆರಿಕನ್ ವೈದ್ಯರು ಕಾಲರಾ ಕಲಿಯಲು ನೆಲೆಸಿದ್ದು ಢಾಕಾದಲ್ಲಿ. ಸಕ್ಕರೆ, ಲವಣದ ನೀರು ಕುಡಿಸಿ ಕಾಲರಾ ರೋಗಿಗೆ ಬೇಕಾಗುವ ಸಲೈನನ್ನು ಬಹಳ ಕಡಿಮೆ ಮಾಡಬಹುದೆಂದು ಅಲ್ಲಿ ಅವರು ತೋರಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಲನಾಬಿಸ್ ಅದೇ ದ್ರಾವಣವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸುವಂತೆ ಹೇಳಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ನ್ಯಾಲಿನ್, ಕ್ಯಾಶ್ ದುಡಿದ ಢಾಕಾದ ಸಂಸ್ಥೆ ಇಂದಿಗೂ ಅತಿಸಾರದ ಅಧ್ಯಯನಕ್ಕೆ ಲೋಕಪ್ರಸಿದ್ಧ. ಬೆಂಗಳೂರಿನಿಂದ ಅದು ಬಾಸ್ಟನ್‌ಗಿಂತ ಎಷ್ಟೋ ಹತ್ತಿರ.

ದಾರಿಗಳಿವೆ. 1951ರಲ್ಲಿ ಹುಟ್ಟಿದ ವೈದ್ಯಕೀಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟ ಸಾಮಾನ್ಯವಾಗಿ ನಾಲ್ಕು ವಾರಗಳ ವಿನಿಮಯ ನಡೆಸುತ್ತದೆ; ನೀವು ಹೋದರೆ ಅಲ್ಲಿಂದ ಒಬ್ಬರು ಇಲ್ಲಿಗೆ ಬರುತ್ತಾರೆ. ಪೂರ್ತಿ ಎಂಬಿಬಿಎಸ್ ಅನ್ನೇ ಹೊರದೇಶದಲ್ಲಿ ಓದುವುದು ಬೇರೆ ವಿಚಾರ. 2021ರ ನಿಯಮದಂತೆ ಹಾಗೆ ಓದಿದವರು ಭಾರತದಲ್ಲಿ ವೈದ್ಯವೃತ್ತಿ ಮಾಡಲು ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಬೇಕು. ಮನೆ, ಜಮೀನು ಅಡವಿಡುವ ಮೊದಲು ತಂದೆತಾಯಿ ಇದನ್ನು ಓದಿಕೊಳ್ಳಲಿ.

ಹೋದ ಕಡೆ ಒಂದು ಕಟ್ಟುಪಾಡು. ಇಲ್ಲಿ ನಿಮಗೆ ಮಾಡಲು ಬಿಡದ ಕೆಲಸವನ್ನು ಅಲ್ಲಿಯ ಬಡ ರೋಗಿಯ ಮೈಮೇಲೆ ಮಾಡಬೇಡಿ. ಬಡ ದೇಶಗಳ ವಾರ್ಡುಗಳಲ್ಲಿ ಶ್ರೀಮಂತ ದೇಶಗಳ ವಿದ್ಯಾರ್ಥಿಗಳು ಕೈ ಪಳಗಿಸಿಕೊಂಡಿದ್ದಾರೆ, ಅದು ಅನ್ಯಾಯ. ನಮ್ಮ ಹುಡುಗರು ಆಫ್ರಿಕಾಕ್ಕೆ ಹೋದಾಗಲೂ ಅದು ಅನ್ಯಾಯವೇ. ಅಲ್ಲಿಯ ನರ್ಸಮ್ಮನವರೇ ಮೊದಲ ಗುರು ಎಂದು ತಿಳಿಯಿರಿ.

ಕೊನೆಯದಾಗಿ, ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬದವರಲ್ಲಿ ಒಂದು ಕೋರಿಕೆ. ವಿನಿಮಯಕ್ಕೆ ಆಯ್ಕೆಯಾದರೂ ವಿಮಾನದ ಟಿಕೆಟ್ಟಿಗೆ, ವೀಸಾಕ್ಕೆ ದುಡ್ಡಿಲ್ಲದೆ ಸರ್ಕಾರಿ ಕಾಲೇಜಿನ ಮಕ್ಕಳು ಹಿಂದೆ ಸರಿಯುತ್ತಾರೆ. ಹೋಗುವವರು ಉಳ್ಳವರ ಮಕ್ಕಳೇ ಆಗುತ್ತಾರೆ. ಉಪನ್ಯಾಸದ ಖರ್ಚು ಕಳೆದು ಉಳಿಯುವ ಬಡ್ಡಿಯನ್ನು ಕೂಡಿಡಿ. ಕೂಡಿದಾಗ ಮಂಗನ ಕಾಯಿಲೆಯ ತಾಲ್ಲೂಕುಗಳಿಂದ ಬಂದ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಕಳುಹಿಸಿ. ಈ ಸಂಜೆಯೇ ಅದನ್ನು ದತ್ತಿ ಸಮಿತಿಯ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.