ಮಾಹಿತಿ ಹೊತ್ತ ಬಸ್ಸು

ಹಳ್ಳಿಗೆ ಹೋಗುವ ಬೆಳಗಿನ ಮೊದಲ ಬಸ್ಸಿನಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿದ್ದರೆ ಈ ನೋಟವನ್ನು ಕಂಡೇ ಇರುತ್ತೀರಿ. ಡ್ರೈವರ್ ಪಕ್ಕದಲ್ಲಿ ದಿನಪತ್ರಿಕೆಗಳ ಕಟ್ಟುಗಳಿರುತ್ತವೆ. ಊರು ಬಂದ ಕೂಡಲೇ ಕಂಡಕ್ಟರ್ ಒಂದು ಕಟ್ಟನ್ನು ಅಂಗಡಿಯ ಮುಂದೆ ಇಳಿಸುತ್ತಾರೆ. ಅಷ್ಟರಲ್ಲಿ ಯಾರೋ ಓಡಿಬಂದು, "ಅಣ್ಣಾ, ಮುಂದಿನ ಕ್ರಾಸಿನಲ್ಲಿ ನಮ್ಮ ಹುಡುಗ ನಿಂತಿರ್ತಾನೆ, ಈ ಔಷಧಿ ಕೊಟ್ಟುಬಿಡಿ" ಎಂದು ಒಂದು ಪೊಟ್ಟಣವನ್ನು ಕೈಗಿಡುತ್ತಾರೆ. ಬಸ್ಸು ಅದನ್ನು ತೆಗೆದುಕೊಂಡಿತು, ಸ್ವಲ್ಪ ಹೊತ್ತು ಇಟ್ಟುಕೊಂಡು ಸಾಗಿತು, ಹುಡುಗ ಸಿಕ್ಕಾಗ ಕೊಟ್ಟಿತು. ಈ ದಿನ ನಾನು ಹೇಳಹೊರಟಿರುವ ವಿಷಯ ಬಹುಮಟ್ಟಿಗೆ ಇಷ್ಟೇ. ಪೊಟ್ಟಣದ ಬದಲು ಗಣಕಯಂತ್ರದ ಮಾಹಿತಿ ಎಂದುಕೊಳ್ಳಿ. ಕಂಡಕ್ಟರ್ ಬದಲು ಒಂದು ಪುಟ್ಟ ರೇಡಿಯೋ ಎಂದುಕೊಳ್ಳಿ.

ಇದು ಕಲ್ಪನೆಯ ಮಾತಲ್ಲ, ನಮ್ಮ ದೊಡ್ಡಬಳ್ಳಾಪುರದಲ್ಲಿ ನಡೆದದ್ದು. ಕರ್ನಾಟಕದ ರೈತರ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ 'ಭೂಮಿ' ಯೋಜನೆಯ ಹೆಸರು ನಿಮಗೆ ಗೊತ್ತಿದೆ. ಆ ಯೋಜನೆ ಬಂದ ಮೇಲೆ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಸಿಗುತ್ತಿತ್ತು. ಆದರೆ ಆ 15 ರೂಪಾಯಿಯ ಕಾಗದಕ್ಕಾಗಿ ರೈತ ತಾಲ್ಲೂಕು ಕೇಂದ್ರದವರೆಗೆ ಬರಬೇಕು. ಅವನ ಒಂದು ದಿನದ ಕೆಲಸ ಹೋಗುತ್ತದೆ. ಬ್ಯಾಂಕಿನ ಬೆಳೆಸಾಲಕ್ಕೆ ಪಹಣಿ ಬೇಕೇ ಬೇಕು. ಹಳ್ಳಿಯಲ್ಲೇ ಒಂದು ಗಣಕಯಂತ್ರ ಇಡೋಣವೆಂದರೆ ಅದನ್ನು ತಾಲ್ಲೂಕಿಗೆ ಜೋಡಿಸುವ ಒಳ್ಳೆಯ ತಂತಿ ಇರಲಿಲ್ಲ.

2003ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು ಇಲ್ಲಿ ಒಂದು ಪ್ರಯೋಗ ಮಾಡಿದರು. ಹೆಸರು 'ಡಾಕ್‌ನೆಟ್'. ಹಿಂದಿಯಲ್ಲಿ ಡಾಕ್ ಎಂದರೆ ಅಂಚೆ. ಸಾರ್ವಜನಿಕರು ಓಡಾಡುವ ಒಂದು ಬಸ್ಸಿಗೆ ಅವರು ಚಿಕ್ಕ ಗಣಕಯಂತ್ರವೊಂದನ್ನು ಅಳವಡಿಸಿದರು. ಅದಕ್ಕೆ ಒಂದು ಆಂಟೆನಾ; ವಿದ್ಯುತ್ತು ಬಸ್ಸಿನ ಬ್ಯಾಟರಿಯಿಂದ. ಹಳ್ಳಿಯ ಕೇಂದ್ರದಲ್ಲಿ ರೈತ ತನ್ನ ಪಹಣಿ ಬೇಕೆಂದು ಕೇಳುತ್ತಾನೆ. ಕೋರಿಕೆ ಅಲ್ಲಿಯ ಯಂತ್ರದಲ್ಲಿ ಕಾದು ಕುಳಿತಿರುತ್ತದೆ. ಬಸ್ಸು ಹತ್ತಿರ ಬಂದೊಡನೆ ಎರಡೂ ಯಂತ್ರಗಳು ತಂತಿಯಿಲ್ಲದೆ ಮಾತನಾಡಿಕೊಳ್ಳುತ್ತವೆ, ಕೋರಿಕೆ ಬಸ್ಸಿಗೆ ಏರುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಅದು ಇಳಿದು, ಪಹಣಿಯು ಬಸ್ಸಿಗೆ ಏರಿ ಹಿಂದಿರುಗುತ್ತದೆ. 40 ಕಿಲೋಮೀಟರ್ ದೂರದ ಹಳ್ಳಿಗಳವರೆಗೆ ಹೀಗೆ ದಿನಕ್ಕೆ ಮೂರು ಸುತ್ತು, ಎಂದರೆ ಆರು ಭೇಟಿ.

ಇಂಥ ಒಂದು ಭೇಟಿ ಸರಾಸರಿ ಎರಡೂವರೆ ನಿಮಿಷ ಇರುತ್ತಿತ್ತು ಎಂದು ಅವರು 2004ರಲ್ಲಿ ಬರೆದರು. ಅಷ್ಟರಲ್ಲಿ ಒಂದು ದಿಕ್ಕಿಗೆ ಸುಮಾರು 21 ಮೆಗಾಬೈಟ್ ಮಾಹಿತಿ ಸಾಗುತ್ತಿತ್ತು. ಈಗ ನೀವೇ ಲೆಕ್ಕ ಹಾಕಿ. ಆರು ಭೇಟಿಗೆ 126 ಮೆಗಾಬೈಟ್. ಸೆಕೆಂಡಿಗೆ 28 ಸಾವಿರ ಬಿಟ್ ಸಾಗಿಸುವ ಅಂದಿನ ಟೆಲಿಫೋನ್ ತಂತಿಯಲ್ಲಿ ಇದನ್ನು ಕಳುಹಿಸಲು ಎಷ್ಟು ಹೊತ್ತು ಬೇಕು? ಒಂದು ಬೈಟಿಗೆ ಎಂಟು ಬಿಟ್. ಭಾಗಿಸಿ ನೋಡಿದರೆ ಸರಿಯಾಗಿ ಹತ್ತು ಗಂಟೆ, ಅದೂ ತಂತಿ ಒಮ್ಮೆಯೂ ಕೆಡದಿದ್ದರೆ! ಕುಲುಕಾಡುತ್ತ ಹೋಗುವ ಬಸ್ಸು ಟೆಲಿಫೋನ್ ತಂತಿಗೆ ಸಮನಾಗಿ ನಿಂತಿತು. ಕಾಂಬೋಡಿಯಾದ ರತನಕಿರಿ ಎಂಬ ಗುಡ್ಡಗಾಡು ಪ್ರಾಂತದಲ್ಲಿ ಇದೇ ಕೆಲಸವನ್ನು ಮೋಟಾರ್ ಸೈಕಲ್ಲುಗಳು ಮಾಡಿದವು. ಅಲ್ಲಿನ ಶಾಲೆಗಳ ಇ-ಮೇಲ್ ಹೀಗೆ ಓಡಾಡಿತು.

ಚಲಿಸುವ ವಾಹನ ನಿಸ್ತಂತು ಸಂಪರ್ಕಕ್ಕೆ ತೊಂದರೆಯೆಂದೇ ಬಹುಕಾಲ ಎಣಿಸಲಾಗಿತ್ತು. ಅದಕ್ಕೆ ಕಾರಣವೂ ಇದೆ. ಎದುರುಬದುರಾಗಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಎರಡು ವಾಹನಗಳನ್ನು ತೆಗೆದುಕೊಳ್ಳಿ. ಅವುಗಳ ರೇಡಿಯೋ 250 ಮೀಟರ್ ದೂರ ಕೇಳಿಸುತ್ತದೆ ಎನ್ನಿ. ಸಮೀಪಿಸುವಾಗ 250, ದೂರ ಸರಿಯುವಾಗ 250, ಒಟ್ಟು 500 ಮೀಟರ್. ಒಂದಕ್ಕೊಂದು ಸಾಪೇಕ್ಷವಾಗಿ ಅವುಗಳ ವೇಗ ಸೆಕೆಂಡಿಗೆ ಸುಮಾರು 33 ಮೀಟರ್. ಹದಿನೈದು ಸೆಕೆಂಡಿನಲ್ಲಿ ಭೇಟಿ ಮುಗಿಯಿತು. ಸೆಕೆಂಡಿಗೆ 60 ಲಕ್ಷ ಬಿಟ್ ಸಾಗಿದರೂ ಸಿಗುವುದು 11 ಮೆಗಾಬೈಟ್. ಪರಿಚಯಕ್ಕೆ, ತಪ್ಪು ತಿದ್ದುವುದಕ್ಕೆ ಹೋಗುವ ಸಮಯವನ್ನು ಕಳೆದರೆ ಇನ್ನೂ ಕಡಿಮೆ.

ಆದರೆ ಇದಕ್ಕೆ ಇನ್ನೊಂದು ಮುಖವಿದೆ, ನನಗೆ ಈ ಶಾಸ್ತ್ರದಲ್ಲಿ ಬಹಳ ಚೆಲುವಾಗಿ ಕಾಣುವುದು ಅದೇ. ನಿಂತಲ್ಲೇ ನಿಂತ ನೂರಾರು ರೇಡಿಯೋಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತಿದ್ದರೆ, ಸಂಖ್ಯೆ ಹೆಚ್ಚಿದಂತೆಲ್ಲ ಪ್ರತಿಯೊಂದರ ಪಾಲು ಕುಗ್ಗುತ್ತ ಹೋಗುತ್ತದೆ ಎಂದು ಪೀಯೂಷ್ ಗುಪ್ತ ಮತ್ತು ಪಿ. ಆರ್. ಕುಮಾರ್ 2000ದಲ್ಲಿ ತೋರಿಸಿದರು. ಸಂಖ್ಯೆ ನೂರು ಪಟ್ಟಾದರೆ ಪಾಲು ಹತ್ತನೇ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಎಲ್ಲರೂ ಪಕ್ಕದವರ ಸಂದೇಶ ಸಾಗಿಸುವುದರಲ್ಲೇ ದಣಿಯುತ್ತಾರೆ. ಎರಡು ವರ್ಷಗಳ ಬಳಿಕ ಗ್ರೋಸ್‌ಗ್ಲಾಸರ್ ಮತ್ತು ಡೇವಿಡ್ ಸೆ ಎಂಬಿಬ್ಬರು, ರೇಡಿಯೋಗಳು ಓಡಾಡುತ್ತಿದ್ದರೆ ಈ ಕುಸಿತ ತಪ್ಪುತ್ತದೆ ಎಂದು ಗಣಿತದಿಂದಲೇ ಸಾಧಿಸಿದರು. ಸಂದೇಶವನ್ನು ಒಬ್ಬರಿಗೆ ಕೊಡಿ, ಅವರು ಗುರಿಯ ಬಳಿ ಹೋದಾಗ ಕೊಡಲಿ. ನಡುವೆ ಗಾಳಿಯಲ್ಲಿ ಗದ್ದಲವಿಲ್ಲ. ತೆರಬೇಕಾದ ಬೆಲೆ ಒಂದೇ, ಕಾಯುವುದು.

ಇಲ್ಲಿಗೆ ನಮ್ಮ ಮುಖ್ಯ ಪ್ರಶ್ನೆ ಬಂತು. ಕಾಯುವಷ್ಟು ಹೊತ್ತು ವಾಹನ ಏನನ್ನು ಇಟ್ಟುಕೊಂಡಿರಬೇಕು? ದೊಡ್ಡಬಳ್ಳಾಪುರದ ಬಸ್ಸಿನ ಯಂತ್ರದಲ್ಲಿದ್ದ ಸಂಗ್ರಹದ ಜಾಗ 512 ಮೆಗಾಬೈಟ್ ಮಾತ್ರ. ಇಂದಿನ ವಾಹನಗಳಲ್ಲಿ ಅದರ ನೂರಾರು ಪಟ್ಟು ಇರಬಹುದು, ಆದರೆ ಕೇಳುವವರ ಆಸೆಯೂ ಅಷ್ಟೇ ಬೆಳೆದಿದೆ. ಹೀಗೆ ಒಮ್ಮೆ ತಂದದ್ದನ್ನು ಮುಂದೆ ಕೇಳುವವರಿಗಾಗಿ ಹತ್ತಿರದಲ್ಲೇ ಇರಿಸಿಕೊಳ್ಳುವುದಕ್ಕೆ 'ಕ್ಯಾಶಿಂಗ್' ಎನ್ನುತ್ತಾರೆ. ಕಿರಾಣಿ ಅಂಗಡಿಯವರು ಅಕ್ಕಿ, ಬೇಳೆ, ಬೆಲ್ಲವನ್ನು ಕೈಗೆಟಕುವಲ್ಲಿ ಇಟ್ಟು, ವರ್ಷಕ್ಕೊಮ್ಮೆ ಹೋಗುವ ಸರಕನ್ನು ಪೇಟೆಯಿಂದಲೇ ತರಿಸಿಕೊಡುವುದಿಲ್ಲವೆ? ಮಾಹಿತಿಯ ವಿಷಯದಲ್ಲೂ ಕೆಲವೇ ಸರಕನ್ನು ಬಹಳ ಮಂದಿ ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಇಡಬೇಕಾಗಿಲ್ಲ.

ಸಾಲಾಗಿ ಹೋಗುವ ಹತ್ತು ವಾಹನಗಳೂ ಒಂದೇ ಸರಕನ್ನು ಇಟ್ಟುಕೊಂಡರೆ ಜಾಗ ದಂಡ. ಒಂದು ದೊಡ್ಡ ಕಡತವನ್ನು ತುಂಡುಗಳಾಗಿ ಮಾಡಿ, ರಸ್ತೆ ಬದಿಯ ಕೇಂದ್ರದ ಬಳಿ ಹಾಯುವಾಗ ಒಂದೊಂದು ವಾಹನ ಬೇರೆ ಬೇರೆ ತುಂಡುಗಳನ್ನು ಪಡೆದು, ಮುಂದೆ ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುವ ಉಪಾಯವನ್ನು 2005ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಂಡಿಸಿದರು. ಪರೀಕ್ಷೆಗೆ ಮುನ್ನ ನೀವು ಗೆಳೆಯರು ಟಿಪ್ಪಣಿ ಹಂಚಿಕೊಳ್ಳುವ ಹಾಗೆ. (ಬರೆಯದೆ ಬರೀ ಪಡೆಯುವ ಗೆಳೆಯನ ಸಮಸ್ಯೆ ಅಲ್ಲಿಯೂ ಉಂಟು!)

ಮತ್ತೆ ನಮ್ಮ ರೈತನ ಪಹಣಿಗೆ ಬರೋಣ. ಬಸ್ಸಿನಲ್ಲಿ ಜಾಗವಿದೆ, ಹಳ್ಳಿಯ ಎಲ್ಲ ಪಹಣಿಗಳನ್ನೂ ಒಮ್ಮೆಗೇ ತಂದು ಅಲ್ಲಿಯೇ ಇಟ್ಟುಬಿಟ್ಟರೆ ಆಗದೆ? ಕೇಳಿದ ಕೂಡಲೇ ಕೊಡಬಹುದಲ್ಲ? ಜಾಣ ಉಪಾಯದಂತೆ ತೋರುತ್ತದೆ, ಆದರೆ ಅಪಾಯ ಇಲ್ಲಿಯೇ ಇದೆ. ನಿನ್ನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ ಖಾತೆ ಬದಲಾಗಿದ್ದರೆ, ಅಥವಾ ಜಮೀನು ಮಾರಾಟವಾಗಿದ್ದರೆ, ಹಳ್ಳಿಯ ಯಂತ್ರ ಮೊನ್ನೆಯ ಮಾಲೀಕನ ಹೆಸರನ್ನೇ ಅಚ್ಚು ಹಾಕುತ್ತದೆ. ಆ ಕಾಗದವನ್ನು ನಂಬಿ ಯಾರೋ ಮುಂಗಡ ಹಣ ಕೊಟ್ಟಿರುತ್ತಾರೆ. ಹಳೆಯ ಪಾಠವನ್ನು ಓದಿದರೆ ನಷ್ಟವಿಲ್ಲ, ಹಳೆಯ ಪಹಣಿಯಿಂದ ಒಂದು ಸಂಸಾರ ಬೀದಿಗೆ ಬರಬಹುದು. ಆದ್ದರಿಂದ ಇಂಥ ದಾಖಲೆಯನ್ನು ಬಸ್ಸು ಹೊತ್ತು ತರಬಹುದು, ಹಳ್ಳಿಯಲ್ಲಿ ಕೂಡಿಡಬಾರದು. ಪ್ರತಿ ಸಲವೂ ಮೂಲದಿಂದಲೇ ಹೊಸದಾಗಿ ಬರಬೇಕು, ಯಾವ ದಿನ ಯಾವ ಗಂಟೆಯ ಸ್ಥಿತಿ ಎಂಬುದು ಅದರ ಮೇಲೆ ಇರಬೇಕು.

ದಾರಿಯಲ್ಲಿ ಯಾರಾದರೂ ತಿದ್ದಿದರೆ? ಇದಕ್ಕೆ ಉತ್ತರ ಗಣಿತದ ಸಹಿ. ಕೊಡುವ ಕಚೇರಿ ತನ್ನ ಗುಪ್ತ ಸಂಖ್ಯೆಯಿಂದ ದಾಖಲೆಗೆ ಸಹಿ ಹಾಕುತ್ತದೆ. ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಆಗ ಹೊತ್ತು ತಂದ ವಾಹನ ಯಾರದು ಎಂದು ವಿಚಾರಿಸಬೇಕಾಗಿಲ್ಲ. 2009ರಲ್ಲಿ ವ್ಯಾನ್ ಜೇಕಬ್‌ಸನ್ ಮತ್ತು ಸಂಗಡಿಗರು ಇಡೀ ಜಾಲವನ್ನೇ ಈ ತತ್ತ್ವದ ಮೇಲೆ ಕಟ್ಟಬಹುದೆಂದು ಪ್ರತಿಪಾದಿಸಿದರು. 'ಇಂಥ ಯಂತ್ರದಿಂದ ತಾ' ಎನ್ನುವ ಬದಲು 'ಇಂಥ ಹೆಸರಿನ ಮಾಹಿತಿ ಯಾರ ಬಳಿ ಇದ್ದರೂ ಕೊಡಿ' ಎಂದು ಕೇಳುವುದು. ಕ್ಷಣಕ್ಷಣಕ್ಕೂ ನೆರೆಹೊರೆ ಬದಲಾಗುವ ವಾಹನಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ.

ಕೂಡಿಡಲೂ ಆಗದ, ಕಾಯಲೂ ಆಗದ ಮಾಹಿತಿಯೂ ಇದೆ. ಮುಂದಿನ ಲಾರಿ ಗಕ್ಕನೆ ಬ್ರೇಕ್ ಹಾಕಿತು ಎಂಬ ಸುದ್ದಿ ಒಂದು ಸೆಕೆಂಡ್ ತಡವಾದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಿಂದಿನ ವಾಹನ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಇಂಥ ಎಚ್ಚರಿಕೆಗೆಂದು 1999ರಲ್ಲಿ ಅಮೆರಿಕ 5.9 ಗಿಗಾಹರ್ಟ್ಸ್ ಸುತ್ತಲಿನ ಅಲೆಗಳನ್ನು ಮೀಸಲಿಟ್ಟಿತು. 2020ರಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬೇರೆ ಬಳಕೆಗೆ ಬಿಡಲು ತೀರ್ಮಾನಿಸಿತು. ಎಲ್ಲ ವಾಹನಗಳೂ ಕೇಳಿದ್ದನ್ನೆಲ್ಲ ಒಟ್ಟಿಗೆ ಕೂಗಿದರೆ ಯಾರಿಗೂ ಏನೂ ಕೇಳಿಸದು. ಆದ್ದರಿಂದ ಕೂಗಿದವರಿಂದ ದೂರದಲ್ಲಿರುವವರು ಬೇಗ, ಹತ್ತಿರದವರು ಸ್ವಲ್ಪ ತಡೆದು ಪುನಃ ಹೇಳುವ ಕಟ್ಟಳೆಗಳಿವೆ. ದೂರದವರು ಹೇಳಿದ್ದು ಕಿವಿಗೆ ಬಿದ್ದರೆ ಹತ್ತಿರದವರು ಸುಮ್ಮನಾಗುತ್ತಾರೆ.

ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ, ಬಸ್ಸಿನ ಹಂಗೇಕೆ ಎಂದು ನೀವು ಕೇಳಬಹುದು. ದೊಡ್ಡಬಳ್ಳಾಪುರದಲ್ಲಿ ಇಂದು ಯಾರೂ ಪಹಣಿಗಾಗಿ ಬಸ್ಸಿನ ಆಂಟೆನಾಕ್ಕೆ ಕಾಯುತ್ತಿಲ್ಲ ಎಂಬುದು ನಿಜ. ಆದರೆ ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಮೊಬೈಲಿನ ಗೆರೆಗಳು ಮಾಯವಾಗುವುದನ್ನು ನೋಡಿದವರಿಗೆ, ಮಳೆಗಾಲದಲ್ಲಿ ಗುಡ್ಡ ಕುಸಿದ ಸುದ್ದಿಯನ್ನು ಎದುರಿನಿಂದ ಬಂದ ಲಾರಿಯವರ ಬಾಯಿಂದಲೇ ತಿಳಿದವರಿಗೆ ಈ ವಿದ್ಯೆಯ ಅಗತ್ಯವನ್ನು ಹೇಳಬೇಕಾಗಿಲ್ಲ.

ಕೊನೆಯದಾಗಿ ನಿಮಗೊಂದು ಕೆಲಸ. ನಾಳೆ ಕಾಲೇಜಿಗೆ ಹೋಗುವಾಗ ನಿಮ್ಮ ಬಸ್ಸಿನಲ್ಲಿ 512 ಮೆಗಾಬೈಟ್ ಜಾಗವಿದೆ ಎಂದು ಭಾವಿಸಿ. ಬಸ್ಸು ಎಲ್ಲೆಲ್ಲಿ ಎಷ್ಟು ಸೆಕೆಂಡ್ ನಿಲ್ಲುತ್ತದೆ, ಎದುರಿನಿಂದ ಎಷ್ಟು ಬಸ್ಸುಗಳು ಹಾಯುತ್ತವೆ ಎಂದು ಗುರುತು ಹಾಕಿಕೊಳ್ಳಿ. ಆ ಜಾಗದಲ್ಲಿ ಏನನ್ನು ತುಂಬುತ್ತೀರಿ, ತುಂಬಿದ ಮೇಲೆ ಹೊಸದು ಬಂದರೆ ಮೊದಲು ಯಾವುದನ್ನು ಇಳಿಸುತ್ತೀರಿ ಎಂಬುದನ್ನು ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ.